ಗ್ರಂಥ ಒಂದೇ, ಓದುವ ಹಕ್ಕು ಯಾರದು?

1529ರ ಅಕ್ಟೋಬರಿನಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರ್ ಮತ್ತು ಜ್ಯೂರಿಕ್‌ನ ಉಲ್‌ರಿಕ್ ಜ್ವಿಂಗ್ಲಿ ಎದುರುಬದುರು ಕುಳಿತರು. ಅವರನ್ನು ಕರೆಸಿದವನು ಹೆಸ್ಸೆಯ ಅರಸ ಫಿಲಿಪ್. ಚಕ್ರವರ್ತಿಯ ಸೈನ್ಯ ಮೇಲೆ ಬೀಳುವ ಮೊದಲೇ ಸುಧಾರಣೆಯ ಪಕ್ಷದವರೆಲ್ಲ ಒಂದಾಗಬೇಕೆಂಬುದು ಅವನ ಆಸೆ. ಹದಿನೈದು ವಿಷಯಗಳ ಪಟ್ಟಿ ಮಾಡಿದರು, ಹದಿನಾಲ್ಕರಲ್ಲಿ ಒಪ್ಪಿದರು. ಹದಿನೈದನೆಯದು ಕರ್ತನ ಭೋಜನ. ಕೊನೆಯ ಊಟದಲ್ಲಿ ಯೇಸು ರೊಟ್ಟಿಯನ್ನು ಕೈಗೆತ್ತಿಕೊಂಡು ಅದನ್ನು ತನ್ನ ದೇಹವೆಂದು ಕರೆದ ಮಾತನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡಿದ್ದ. ಆ ಮಾತಿನ ಅರ್ಥ ಅದರ ಅಕ್ಷರಗಳಲ್ಲೇ ಇದೆ ಎಂಬ ನಿಲುವಿನಿಂದ ಅವನು ಕದಲಲಿಲ್ಲ. ರೊಟ್ಟಿ ದೇಹವನ್ನು ಸೂಚಿಸುತ್ತದೆ ಅಷ್ಟೆ ಎಂದ ಜ್ವಿಂಗ್ಲಿ, ಅದಕ್ಕೆ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯವನ್ನು ಆಧಾರವಾಗಿ ಮುಂದಿಟ್ಟ. ಇಬ್ಬರೂ ಹಾಗೆಯೇ ಎದ್ದುಹೋದರು. ಲೂಥರನ್ ಸಭೆಗಳೂ ರಿಫಾರ್ಮ್ಡ್ ಸಭೆಗಳೂ ಮುಂದೆ ಶತಮಾನಗಳ ಕಾಲ ಒಂದೇ ಪಂಕ್ತಿಯಲ್ಲಿ ಆ ರೊಟ್ಟಿಯನ್ನು ಮುರಿಯಲಿಲ್ಲ.

ಬೈಬಲ್ ಗ್ರಂಥದ ಸ್ಪಷ್ಟತೆಯ ಜಗಳವನ್ನು ಸಾಮಾನ್ಯವಾಗಿ ಲೂಥರ್ ಒಂದು ಕಡೆ, ರೋಮ್ ಇನ್ನೊಂದು ಕಡೆ ಎಂದು ಹೇಳುತ್ತಾರೆ. ಆದರೆ ಪ್ರೊಟೆಸ್ಟೆಂಟ್ ಪರಂಪರೆಯ ಈ ಸಿದ್ಧಾಂತಕ್ಕೆ ಅತ್ಯಂತ ಕಠಿಣ ಪರೀಕ್ಷೆ ಬಂದದ್ದು ಮನೆಯೊಳಗಿನಿಂದಲೇ. ಮಾರ್ಬುರ್ಗ್‌ನ ಆ ಮೇಜಿನ ಎರಡೂ ಬದಿಯಲ್ಲಿ ಕುಳಿತವರು ಗ್ರಂಥ ಸ್ಪಷ್ಟವಾಗಿದೆ ಎಂದು ಜಗತ್ತಿಗೆ ಸಾರಿದವರು. ಜ್ವಿಂಗ್ಲಿ 1522ರಲ್ಲಿ ಜ್ಯೂರಿಕ್‌ನ ಓಟನ್‌ಬಾಕ್ ಮಠದ ಸನ್ಯಾಸಿನಿಯರಿಗೆ ಮಾಡಿದ ಉಪದೇಶವನ್ನು ವಿಸ್ತರಿಸಿ, ದೇವರ ವಾಕ್ಯದ ಸ್ಪಷ್ಟತೆ ಮತ್ತು ನಿಶ್ಚಿತತೆಯ ಮೇಲೆ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ್ದ. ಲೂಥರ್ 1525ರಲ್ಲಿ ಮಾನವತಾವಾದಿ ಪಂಡಿತ ಇರಾಸ್ಮಸ್‌ಗೆ ಕೊಟ್ಟ ಉತ್ತರದ ಬುನಾದಿಯೇ ಸ್ಪಷ್ಟತೆ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಗ್ರೀಕ್ ಬಲ್ಲವರು, ಇಬ್ಬರೂ ಪ್ರಾರ್ಥನೆ ಮಾಡಿಯೇ ಓದಿದವರು. ಹಾಗಾದರೆ ಎಡವಟ್ಟು ಎಲ್ಲಾಯಿತು?

ಉತ್ತರ ಹುಡುಕುವ ಮೊದಲು, ಸುಧಾರಕರು ಹೇಳಿದ್ದೇನೆಂದು ಸರಿಯಾಗಿ ತಿಳಿಯಬೇಕು. ಅವರು ಹೇಳದ ಮಾತನ್ನು ಅವರ ಬಾಯಿಗಿಟ್ಟು ಖಂಡಿಸುವ ಕೆಲಸ ಕಥೋಲಿಕ ವಾದಿಗಳಿಂದ ಬೇಕಾದಷ್ಟು ನಡೆದಿದೆ. ಇರಾಸ್ಮಸ್ 1524ರ ತನ್ನ ಪುಸ್ತಕದಲ್ಲಿ ಎತ್ತಿದ ಆಕ್ಷೇಪ ಸರಳವಾದದ್ದು. ಗ್ರಂಥದಲ್ಲಿ ಮನುಷ್ಯಬುದ್ಧಿ ಒಳಹೊಕ್ಕಷ್ಟೂ ಕತ್ತಲಾಗುವ ಜಾಗಗಳಿವೆ. ಮನುಷ್ಯನ ಸ್ವತಂತ್ರ ಇಚ್ಛೆಯ ಪ್ರಶ್ನೆ ಅಂಥದ್ದು. ಅಲ್ಲಿ ತೀರ್ಪು ಕೊಡಲು ಅವಸರ ಬೇಡ, ಸಭೆ ಹೇಳಿದ್ದಕ್ಕೆ ತಲೆಬಾಗೋಣ. ಲೂಥರ್ ಇದಕ್ಕೆ ಕೊಟ್ಟ ಉತ್ತರದಲ್ಲಿ ಎರಡು ಪದರಗಳಿವೆ. ಪದಗಳೂ ವ್ಯಾಕರಣವೂ ಅಲ್ಲಲ್ಲಿ ಕಷ್ಟವೆಂದು ಅವನು ಒಪ್ಪುತ್ತಾನೆ; ಆದರೆ ಗ್ರಂಥ ಯಾರ ಬಗ್ಗೆ ಮಾತಾಡುತ್ತಿದೆಯೋ ಆ ವಿಷಯ, ಎಂದರೆ ಸತ್ತು ಎದ್ದ ಕ್ರಿಸ್ತ, ಹಗಲಿನಷ್ಟು ನಿಚ್ಚಳ ಎನ್ನುತ್ತಾನೆ. ಸಮಾಧಿಯ ಕಲ್ಲು ಉರುಳಿದ ಮೇಲೆ ಇನ್ನಾವ ಗುಟ್ಟು ಉಳಿದಿದೆ ಎಂಬುದು ಅವನ ವಾದದ ತಿರುಳು. ಇದರ ಜೊತೆಗೆ ಹೊರಗಿನ ಸ್ಪಷ್ಟತೆ, ಒಳಗಿನ ಸ್ಪಷ್ಟತೆ ಎಂಬ ಭೇದವನ್ನೂ ಮಾಡುತ್ತಾನೆ. ಮಾತಿನ ಅರ್ಥ ಯಾರಿಗಾದರೂ ಆದೀತು. ಅದು ಹೃದಯಕ್ಕೆ ತಟ್ಟುವುದು ಪವಿತ್ರಾತ್ಮನಿಂದ ಮಾತ್ರ.

ಒಂದು ಶತಮಾನದ ನಂತರ, 1646ರಲ್ಲಿ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಪ್ಯೂರಿಟನ್ ಪಂಡಿತರು ಇದನ್ನು ಇನ್ನಷ್ಟು ಎಚ್ಚರದಿಂದ ಬರೆದರು. ಗ್ರಂಥದಲ್ಲಿ ಎಲ್ಲವೂ ಒಂದೇ ಸಮನಾಗಿ ಸ್ಪಷ್ಟವಲ್ಲ, ಎಲ್ಲರಿಗೂ ಒಂದೇ ಸಮನಾಗಿ ತಿಳಿಯುವುದೂ ಇಲ್ಲ. ಆದರೆ ರಕ್ಷಣೆಗೆ ಅಗತ್ಯವಾದದ್ದು ಎಲ್ಲಾದರೂ ಒಂದೆಡೆ, ಪಂಡಿತನಷ್ಟೇ ಅಲ್ಲ ಪಾಮರನೂ ಸಾಮಾನ್ಯ ಸಾಧನಗಳಿಂದ ತಿಳಿಯಬಹುದಾದಷ್ಟು ಬಿಡಿಸಿ ಹೇಳಲಾಗಿದೆ. ಇದು ದುಡುಕಿನ ಮಾತಲ್ಲ. ಪೌಲನ ಪತ್ರಗಳಲ್ಲಿ ಕೆಲವು ತಿಳಿಯಲು ಕಷ್ಟ ಎಂದು ಪೇತ್ರನ ಎರಡನೆಯ ಪತ್ರವೇ ಹೇಳುತ್ತದಲ್ಲ ಎಂದು ಸವಾಲು ಹಾಕಿದವರಿಗೆ, ಕೆಲವು ಎಂದಿದೆ, ಎಲ್ಲವೂ ಎಂದಿಲ್ಲ ಎಂಬ ಉತ್ತರ ಇದರಲ್ಲೇ ಅಡಕವಾಗಿದೆ. ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿ, ಯಾರಾದರೂ ತಿಳಿಸಿಕೊಡದೆ ನನಗೆ ಹೇಗೆ ಅರ್ಥವಾದೀತು ಎಂದು ಫಿಲಿಪ್ಪನನ್ನು ಕೇಳಿದ ಪ್ರಸಂಗವೂ ಈ ಸಿದ್ಧಾಂತವನ್ನು ಬೀಳಿಸುವುದಿಲ್ಲ. ಸಾಮಾನ್ಯ ಸಾಧನಗಳಲ್ಲಿ ಗುರುವೂ ಸೇರಿದ್ದಾನೆ.

ಇಷ್ಟು ಎಚ್ಚರದ ಸಿದ್ಧಾಂತಕ್ಕೂ ಒಂದು ಬಿರುಕಿದೆ, ಅದು ಸಣ್ಣದಲ್ಲ. ಅಗತ್ಯವಾದದ್ದು ಸ್ಪಷ್ಟ ಎಂದರೆ, ಅಗತ್ಯವಾದದ್ದು ಯಾವುದು? ಆ ಪಟ್ಟಿಯನ್ನು ಗ್ರಂಥವೇ ಕೊಡಬೇಕು, ಅಥವಾ ಬೇರೆ ಯಾರಾದರೂ ಕೊಡಬೇಕು. ಕರ್ತನ ಭೋಜನ ಅಗತ್ಯದ ವಿಷಯವಾಗಿದ್ದರೆ ಮಾರ್ಬುರ್ಗ್‌ನ ಒಡಕು ಸಿದ್ಧಾಂತದ ಸೋಲು. ಅಗತ್ಯದ್ದಲ್ಲವಾಗಿದ್ದರೆ, ಅದಕ್ಕಾಗಿ ಸಭೆಯನ್ನು ಒಡೆದದ್ದೇಕೆ? ದೀಕ್ಷಾಸ್ನಾನದ ವಿಷಯದಲ್ಲಿ ನಡೆದದ್ದು ಇದಕ್ಕಿಂತ ಕ್ರೂರ. ಜ್ವಿಂಗ್ಲಿಯ ಜೊತೆಯಲ್ಲೇ ಗ್ರೀಕ್ ಓದಿದ ಯುವಕರು, ಅವನೇ ಕಲಿಸಿದಂತೆ ಹೊಸ ಒಡಂಬಡಿಕೆಯನ್ನು ತೆರೆದು ನೋಡಿ, ಹಸುಳೆಗಳಿಗೆ ಸ್ನಾನ ಮಾಡಿಸಬೇಕೆಂಬ ಆಜ್ಞೆ ಇಲ್ಲೆಲ್ಲಿಯೂ ಇಲ್ಲ ಎಂದರು. 1525ರ ಜನವರಿಯಲ್ಲಿ ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡರು. ಎರಡು ವರ್ಷದ ನಂತರ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ಜ್ಯೂರಿಕ್‌ನ ನಗರಸಭೆ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಗ್ರಂಥ ಪಾಮರನಿಗೂ ತಿಳಿಯುತ್ತದೆ ಎಂದು ಬೋಧಿಸಿದ ಊರಿನಲ್ಲೇ, ಗ್ರಂಥವನ್ನು ಬೇರೆಯಾಗಿ ತಿಳಿದವನಿಗೆ ಸಿಕ್ಕಿದ್ದು ಹೊಳೆಯ ನೀರು.

ಅದೇ 1525ರಲ್ಲಿ ಮೆಮ್ಮಿಂಗನ್‌ನ ರೈತರು ಹನ್ನೆರಡು ಬೇಡಿಕೆಗಳನ್ನು ಬರೆದು, ಅವುಗಳ ಪಕ್ಕದಲ್ಲಿ ಬೈಬಲಿನ ಆಧಾರಗಳನ್ನು ನಮೂದಿಸಿ ಅಚ್ಚು ಹಾಕಿಸಿದರು. ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ, ಜೀತದಿಂದ ನಮ್ಮನ್ನು ಬಿಡಿಸಿ, ಕ್ರಿಸ್ತ ತನ್ನ ರಕ್ತ ಕೊಟ್ಟು ಬಿಡಿಸಿದ್ದು ನಮ್ಮನ್ನೂ ಅಲ್ಲವೇ ಎಂದು ಕೇಳಿದರು. ನಮ್ಮ ಓದು ತಪ್ಪಾಗಿದ್ದರೆ ಗ್ರಂಥದಿಂದಲೇ ತೋರಿಸಿ, ಹಿಂದೆಗೆದುಕೊಳ್ಳುತ್ತೇವೆ ಎಂದೂ ಸೇರಿಸಿದರು. ವೋರ್ಮ್ಸ್ ಸಭೆಯಲ್ಲಿ ಚಕ್ರವರ್ತಿಯ ಮುಂದೆ ನಿಂತು, ಗ್ರಂಥದಿಂದ ತೋರಿಸಿದರೆ ಹಿಂದೆಗೆದುಕೊಳ್ಳುತ್ತೇನೆ ಎಂದು ಲೂಥರ್ ಹೇಳಿದ್ದಕ್ಕೂ ಇದಕ್ಕೂ ಏನು ಅಂತರ? ಆದರೆ ಲೂಥರ್ ರೈತರನ್ನು ಕಡಿಯಿರಿ ಎಂದು ಅರಸರಿಗೆ ಬರೆದ. ಆ ದಂಗೆಯ ನಂತರ ಸುಧಾರಕರ ಮಾತಿನ ಧಾಟಿ ಬದಲಾಯಿತು. 1529ರಲ್ಲಿ ಲೂಥರನ ಸಣ್ಣ ಪ್ರಶ್ನೋತ್ತರಿ ಹೊರಬಂತು. ಜಿನೀವಾದಲ್ಲಿ 1560ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನ ಅಂಚಿನ ತುಂಬ ಟಿಪ್ಪಣಿಗಳು. ತಾನಾಗಿಯೇ ತಿಳಿಯುವ ಗ್ರಂಥವನ್ನು ಜನರ ಕೈಗೆ ಕೊಡುವಾಗ ಹೇಗೆ ತಿಳಿಯಬೇಕೆಂಬುದನ್ನೂ ಜೊತೆಗೇ ಕೊಡಲಾಯಿತು. ಇದು ತಪ್ಪೆಂದು ನಾನು ಹೇಳಲಾರೆ, ಟಿಪ್ಪಣಿಯಿಲ್ಲದೆ ಯಾವ ಹಳೆಯ ಗ್ರಂಥವೂ ದಕ್ಕುವುದಿಲ್ಲ. ಆದರೆ ಪರಂಪರೆ ಬೇಡ ಎಂದವರು ಒಂದೇ ತಲೆಮಾರಿನೊಳಗೆ ತಮ್ಮದೇ ಪರಂಪರೆಯನ್ನು ಕಟ್ಟಿಕೊಂಡರು, ಅದನ್ನು ಪರಂಪರೆ ಎಂದು ಕರೆಯಲು ಮಾತ್ರ ಒಪ್ಪಲಿಲ್ಲ.

ಇನ್ನು ಗ್ರಂಥ ಸಾಕೇ ಎಂಬ ಪ್ರಶ್ನೆ. ಇದನ್ನು ಸ್ಪಷ್ಟತೆಯ ಪ್ರಶ್ನೆಯೊಂದಿಗೆ ಬೆರೆಸುವುದು ವಾಡಿಕೆ, ಆದರೆ ಎರಡೂ ಬೇರೆ. ಬೇಕಾದದ್ದೆಲ್ಲ ಗ್ರಂಥದಲ್ಲಿದ್ದೂ ಅದು ತೊಡಕಾಗಿರಬಹುದು. ಗ್ರಂಥ ತಿಳಿಯಾಗಿದ್ದೂ ಅದರಲ್ಲಿ ಎಲ್ಲವೂ ಇಲ್ಲದಿರಬಹುದು. ಪರ್ಯಾಪ್ತತೆಯ ಪ್ರಶ್ನೆಯಲ್ಲಿ ಎರಡೂ ಪಕ್ಷಗಳು ತಾವು ತಿಳಿದದ್ದಕ್ಕಿಂತ ಹತ್ತಿರವಿವೆ ಎಂಬುದು ನನ್ನ ಅಭಿಪ್ರಾಯ, ಅದಕ್ಕೆ ಸಾಕ್ಷಿ ಕಥೋಲಿಕರ ಟ್ರೆಂಟ್ ಮಹಾಸಭೆಯ ಕಡತಗಳಲ್ಲೇ ಇದೆ. 1546ರ ಮಾರ್ಚಿನ ಕರಡು ಠರಾವು, ಸುವಾರ್ತೆಯ ಸತ್ಯ ಒಂದಂಶ ಬರಹದ ಗ್ರಂಥಗಳಲ್ಲಿ, ಇನ್ನೊಂದಂಶ ಬರೆಯದ ಪರಂಪರೆಗಳಲ್ಲಿ ಇದೆ ಎಂದಿತ್ತು. ಸರ್ವೈಟ್ ಪಂಥದ ಮುಖ್ಯಸ್ಥ ಬೊನುಚ್ಚಿ ಎದ್ದು, ಸುವಾರ್ತೆಯ ಸತ್ಯವೆಲ್ಲ ಗ್ರಂಥದಲ್ಲೇ ಇದೆ, ಒಂದಂಶ ಮಾತ್ರವಲ್ಲ ಎಂದ. ಕಿಯೋಜ್ಜಾದ ಬಿಷಪ್ ನಕ್ಕಿಯಾಂತಿ, ಗ್ರಂಥಕ್ಕೂ ಪರಂಪರೆಗೂ ಸಮಾನ ಗೌರವ ಎಂಬ ಮಾತನ್ನೇ ಕಟುವಾಗಿ ವಿರೋಧಿಸಿದ. ಏಪ್ರಿಲ್ 8ರಂದು ಅಂಗೀಕಾರವಾದ ಠರಾವಿನಲ್ಲಿ ಆ ಅಂಶಾಂಶದ ಮಾತಿಲ್ಲ. ಗ್ರಂಥಗಳಲ್ಲಿ ಮತ್ತು ಪರಂಪರೆಗಳಲ್ಲಿ ಎಂದಷ್ಟೇ ಇದೆ. ಸಮಾನ ಗೌರವದ ಮಾತು ಉಳಿಯಿತು. 1950ರ ದಶಕದಲ್ಲಿ ಜರ್ಮನ್ ಕಥೋಲಿಕ ದೇವತಾಶಾಸ್ತ್ರಜ್ಞ ಗೈಸಲ್‌ಮನ್ ಈ ಬದಲಾವಣೆಯನ್ನು ಎತ್ತಿ ತೋರಿಸಿ, ಎಲ್ಲವೂ ಗ್ರಂಥದಲ್ಲಿದೆ ಎನ್ನುವ ಕಥೋಲಿಕನಿಗೆ ಟ್ರೆಂಟ್ ಬಾಗಿಲು ಮುಚ್ಚಿಲ್ಲ ಎಂದು ವಾದಿಸಿದರು. ಅವರ ವ್ಯಾಖ್ಯಾನ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಆದರೂ ಗ್ರಂಥ, ಪರಂಪರೆ ಎಂಬುವು ಎರಡು ಬೇರೆ ಬೇರೆ ಬುಗ್ಗೆಗಳೆಂದು ನಾನೂರು ವರ್ಷ ಪಾಠ ಹೇಳಿದ್ದಕ್ಕೆ ಟ್ರೆಂಟ್‌ನ ಅಕ್ಷರ ಬೆಂಬಲ ಕೊಡುವುದಿಲ್ಲ ಎಂಬುದು ಸಾಬೀತಾಯಿತು.

ಪ್ರಾಚೀನರನ್ನು ಸಾಕ್ಷಿಗೆ ಕರೆದರೂ ಇದೇ ಚಿತ್ರ. ಅಗಸ್ಟಿನ್ ಒಂದು ಕಡೆ, ನಂಬಿಕೆಗೂ ನಡತೆಗೂ ಬೇಕಾದದ್ದೆಲ್ಲ ಗ್ರಂಥದ ತಿಳಿಯಾದ ಭಾಗಗಳಲ್ಲಿ ಸಿಗುತ್ತದೆ ಎನ್ನುತ್ತಾನೆ. ಪ್ರೊಟೆಸ್ಟೆಂಟರಿಗೆ ಆ ಸಾಲು ಕಂಠಪಾಠ. ಮಾನಿ ಪಂಥದವರಿಗೆ ಬರೆದ ಉತ್ತರದಲ್ಲಿ ಅವನೇ, ಧರ್ಮಸಭೆಯ ಅಧಿಕಾರ ಒತ್ತಾಯಿಸದಿದ್ದರೆ ತಾನು ಸುವಾರ್ತೆಯನ್ನೇ ನಂಬುತ್ತಿರಲಿಲ್ಲ ಎನ್ನುತ್ತಾನೆ. ಅದು ಕಥೋಲಿಕರಿಗೆ ಕಂಠಪಾಠ. ಐದನೆಯ ಶತಮಾನದ ಲೆರಿನ್ಸ್‌ನ ವಿನ್ಸೆಂಟ್ ಇನ್ನೂ ನೇರ. ಗ್ರಂಥಗಳು ಪೂರ್ಣವಾಗಿವೆ, ಬೇಕಾದ್ದಕ್ಕಿಂತ ಹೆಚ್ಚೇ ಸಾಕಾಗುತ್ತವೆ, ಆದರೂ ಸಭೆಯ ವ್ಯಾಖ್ಯಾನ ಏಕೆ ಬೇಕು ಎಂದು ತಾನೇ ಪ್ರಶ್ನೆ ಹಾಕಿಕೊಂಡು, ಅವು ಆಳವಾಗಿವೆ, ಆದ್ದರಿಂದ ತಲೆಗೊಂದು ಅರ್ಥ ಹುಟ್ಟುತ್ತದೆ ಎಂದು ಉತ್ತರಿಸುತ್ತಾನೆ. ಸಾಕು, ಆದರೆ ಸ್ಪಷ್ಟವಲ್ಲ. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವ ಮಾತು ಇದು. ಎಲ್ಲರೂ, ಎಲ್ಲೆಡೆ, ಎಲ್ಲ ಕಾಲಕ್ಕೂ ನಂಬಿದ್ದೇ ಸತ್ಯ ಎಂದು ಅವನು ಮುಂದಿಟ್ಟ ಅಳತೆಗೋಲು ಮಾತ್ರ ಕಷ್ಟದ ಪ್ರಶ್ನೆ ಬಂದಾಗಲೆಲ್ಲ ಕೈಕೊಟ್ಟಿದೆ. ಎಲ್ಲರೂ ಒಪ್ಪಿದ್ದ ವಿಷಯದಲ್ಲಿ ಅಳೆಯುವುದಕ್ಕೇನಿದೆ?

ರೋಮ್ 1854ರಲ್ಲಿ ಮರಿಯಳ ನಿಷ್ಕಳಂಕ ಗರ್ಭೋದ್ಭವವನ್ನೂ 1950ರಲ್ಲಿ ಅವಳ ಸ್ವರ್ಗಾರೋಹಣವನ್ನೂ ನಂಬಲೇಬೇಕಾದ ಸತ್ಯವೆಂದು ಸಾರಿದಾಗ ಎರಡು ಪಕ್ಷಗಳ ಈ ಸಾಮೀಪ್ಯಕ್ಕೆ ಪೆಟ್ಟು ಬಿತ್ತು. ಎಲ್ಲವೂ ಗ್ರಂಥದಲ್ಲಿ ಬೀಜರೂಪದಲ್ಲಿದೆ ಎನ್ನುವ ಕಥೋಲಿಕ ಪಂಡಿತರು ಇವನ್ನು ಗ್ರಂಥದಿಂದ ಎತ್ತಿ ತೋರಿಸಲು ಬಹಳ ಶ್ರಮಪಡಬೇಕಾಗುತ್ತದೆ. ಸಿದ್ಧಾಂತ ಕಾಲಕ್ರಮದಲ್ಲಿ ಬೆಳೆಯುತ್ತದೆ ಎಂದು 1845ರಲ್ಲಿ ಇಂಗ್ಲೆಂಡಿನ ದೇವತಾಶಾಸ್ತ್ರಜ್ಞ ನ್ಯೂಮನ್ ಬರೆದ ಪ್ರಬಂಧ ಇದಕ್ಕೆ ಅತ್ಯುತ್ತಮ ಸಮರ್ಥನೆ. ಆದರೆ ಬೆಳೆದದ್ದು ಕೊಂಬೆಯೋ ಬಂದಳಿಕೆಯೋ ಎಂದು ಹೇಳುವವರು ಯಾರು ಎಂದರೆ, ಬೆಳೆಸಿದವರೇ ಎಂಬ ಉತ್ತರಕ್ಕೆ ನ್ಯೂಮನ್ ಕೂಡ ಬಂದು ನಿಲ್ಲುತ್ತಾನೆ.

ಪ್ರೊಟೆಸ್ಟೆಂಟ್ ಪಕ್ಷಕ್ಕೂ ಇಂಥದ್ದೇ ಒಂದು ಮುಳ್ಳಿದೆ, ಗ್ರಂಥಗಳ ಪಟ್ಟಿ. ಯಾವ ಪುಸ್ತಕಗಳು ಸೇರಿ ಬೈಬಲ್ ಆಗುತ್ತದೆ ಎಂಬುದನ್ನು ಬೈಬಲಿನ ಯಾವ ಪುಸ್ತಕವೂ ಹೇಳುವುದಿಲ್ಲ. ಪ್ರೊಟೆಸ್ಟೆಂಟರಿಗೆ 66, ಕಥೋಲಿಕರಿಗೆ 73. ದೇವರ ವಾಕ್ಯ ತನ್ನನ್ನು ತಾನೇ ತೋರಿಸಿಕೊಡುತ್ತದೆ, ಪವಿತ್ರಾತ್ಮನ ಒಳಸಾಕ್ಷಿಯೇ ಪ್ರಮಾಣ ಎಂದ ಜಿನೀವಾದ ಸುಧಾರಕ ಕ್ಯಾಲ್ವಿನ್. ಆ ಸಾಕ್ಷಿ ಯಾಕೋಬನ ಪತ್ರದ ವಿಷಯದಲ್ಲಿ ಲೂಥರನಿಗೆ ಯಾಕೆ ಅಷ್ಟು ಮಂಕಾಗಿ ಕೇಳಿಸಿತೋ! 1522ರ ಮುನ್ನುಡಿಯಲ್ಲಿ ಅವನು ಅದನ್ನು ಹುಲ್ಲಿಗೆ ಹೋಲಿಸಿದ್ದ. ಪುಸ್ತಕಗಳನ್ನು ಆರಿಸಿ ಕೈಗಿತ್ತದ್ದು ಸಭೆಯ ಬಾಳುವೆ ಎಂಬುದನ್ನು ಒಪ್ಪದೆ ಇಲ್ಲಿ ಮುಂದೆ ಹೋಗಲಾಗದು. ಕೈಗಿತ್ತವರೇ ಒಡೆಯರಾಗಿಬಿಡುತ್ತಾರೆ ಎಂಬುದು ಮಾತ್ರ ಅದರಿಂದ ಸಿದ್ಧವಾಗುವುದಿಲ್ಲ.

ಗ್ರಂಥ ತನ್ನ ಓದುಗರ ಜಗಳವನ್ನು ತಾನೇ ತೀರಿಸುವುದಿಲ್ಲ, ಜೀವಂತ ತೀರ್ಪುಗಾರ ಬೇಕು ಎಂಬುದು ಕಥೋಲಿಕ ಪರಂಪರೆಯ ಮುಖ್ಯ ವಾದ. ರೋಗವನ್ನು ಅದು ಸರಿಯಾಗಿ ಗುರುತಿಸಿದೆ. ಮದ್ದು ಕೆಲಸ ಮಾಡಿತೇ ಎಂಬುದನ್ನು ಚರಿತ್ರೆಯಿಂದಲೇ ನೋಡಬೇಕು. ಈ ವಾದವನ್ನು ಅತ್ಯಂತ ಸಮರ್ಥವಾಗಿ ಮಂಡಿಸಿದವನು ಜೆಸ್ವಿಟ್ ಪಂಡಿತ ರಾಬರ್ಟ್ ಬೆಲ್ಲಾರ್ಮಿನ್. 1586ರಿಂದ ಹೊರಬಂದ ಅವನ ವಾದಸಂಪುಟಗಳಿಗೆ ಉತ್ತರ ಕೊಡಲು ಪ್ರೊಟೆಸ್ಟೆಂಟ್ ವಿಶ್ವವಿದ್ಯಾಲಯಗಳು ತಲೆಮಾರುಗಟ್ಟಲೆ ಬೆವರು ಸುರಿಸಿದವು. ಕೇಂಬ್ರಿಜ್‌ನ ವಿಲಿಯಂ ವಿಟೇಕರ್ 1588ರಲ್ಲೇ ಒಂದು ದೊಡ್ಡ ಪುಸ್ತಕ ಬರೆದ. ಗ್ರಂಥ ಅನೇಕ ಕಡೆ ಅಸ್ಪಷ್ಟ, ಆದ್ದರಿಂದ ಸ್ವಂತ ಓದನ್ನು ನಂಬಬೇಡಿ ಎಂಬುದು ಬೆಲ್ಲಾರ್ಮಿನ್‌ನ ಪಾಠ. ಅದೇ ಬೆಲ್ಲಾರ್ಮಿನ್ 1615ರ ಏಪ್ರಿಲಿನಲ್ಲಿ, ಕೊಪರ್ನಿಕಸ್‌ನ ಪರವಾಗಿ ಬರೆದಿದ್ದ ಫೊಸ್ಕರೀನಿ ಎಂಬ ಸನ್ಯಾಸಿಗೆ ಪತ್ರ ಬರೆಯುತ್ತಾನೆ. ಸೂರ್ಯ ತಿರುಗುತ್ತಾನೆ, ಭೂಮಿ ನಿಂತಿದೆ ಎಂದು ಗ್ರಂಥವನ್ನು ಸಭಾಪಿತೃಗಳೆಲ್ಲ ಓದಿದ್ದಾರೆ. ಅವರ ಒಮ್ಮತಕ್ಕೆ ವಿರುದ್ಧವಾಗಿ ಓದಬಾರದೆಂದು ಟ್ರೆಂಟ್ ಕಟ್ಟಳೆ ಮಾಡಿದೆ. ನಿಜವಾದ ಪ್ರಮಾಣ ಸಿಕ್ಕರೆ ಗ್ರಂಥವನ್ನು ಅರ್ಥೈಸುವಾಗ ಎಚ್ಚರ ಬೇಕಾದೀತು ಎಂದೂ ಅವನು ಸೇರಿಸಿದ, ಆ ನ್ಯಾಯವನ್ನು ಅವನಿಗೆ ಸಲ್ಲಿಸಬೇಕು. ಆದರೆ ಮರುವರ್ಷ ಕೊಪರ್ನಿಕಸ್‌ನ ಪುಸ್ತಕ ತಿದ್ದುಪಡಿಯಾಗುವವರೆಗೆ ತಡೆಯಲ್ಪಟ್ಟಿತು. ಗ್ರಂಥ ಮಸುಕು ಎಂದವನಿಗೂ ಸೂರ್ಯನ ವಿಷಯದಲ್ಲಿ ಅದು ನಿಚ್ಚಳವಾಗಿಯೇ ಕಂಡಿತ್ತು.

ಅಧಿಕೃತ ಪಾಠದ ಕಥೆ ಇನ್ನೊಂದು. ಲ್ಯಾಟಿನ್ ವಲ್ಗೇಟ್ ಪ್ರಮಾಣಗ್ರಂಥ ಎಂದು ಟ್ರೆಂಟ್ ಸಾರಿತು. ಪೋಪ್ ಐದನೆಯ ಸಿಕ್ಸ್‌ಟಸ್ 1590ರಲ್ಲಿ ತಾನೇ ಕೈಹಾಕಿ ತಿದ್ದಿ ಅದನ್ನು ಅಚ್ಚು ಹಾಕಿಸಿದ. ತಪ್ಪುಗಳು ಎಷ್ಟಿದ್ದವೆಂದರೆ, ಅವನು ಅದೇ ವರ್ಷ ತೀರಿಕೊಂಡ ಕೂಡಲೇ ಪ್ರತಿಗಳನ್ನು ಹಿಂದಕ್ಕೆ ಪಡೆದರು; 1592ರಲ್ಲಿ ಬೇರೆ ಆವೃತ್ತಿ ಬಂತು. ಅದರ ಮುನ್ನುಡಿ ದೋಷವನ್ನು ಮುದ್ರಕರ ಮೇಲೆ ಹೊರಿಸಿತು.

ಎರಡೂ ಪರಂಪರೆಗಳನ್ನು ಒಟ್ಟಿಗೇ ಕಟಕಟೆಗೆ ತರುವುದು ಅಮೆರಿಕದ ಗುಲಾಮಗಿರಿ. ನನ್ನ ಮಟ್ಟಿಗೆ ಈ ಚರ್ಚೆಯ ಎಲ್ಲ ಸೂಕ್ಷ್ಮಗಳೂ ನಿಜವಾಗಿ ತೂಗಲ್ಪಟ್ಟದ್ದು ಯುರೋಪಿನ ವಿಶ್ವವಿದ್ಯಾಲಯಗಳಿಗಿಂತ ಹೆಚ್ಚಾಗಿ ಅಲ್ಲಿ. ದಕ್ಷಿಣ ರಾಜ್ಯಗಳ ಪ್ರೊಟೆಸ್ಟೆಂಟ್ ಬೋಧಕರು ಯಾಜಕಕಾಂಡದ 25ನೆಯ ಅಧ್ಯಾಯವನ್ನೂ ಎಫೆಸದವರಿಗೆ ಬರೆದ ಪತ್ರವನ್ನೂ ಫಿಲೆಮೋನನಿಗೆ ಬರೆದ ಪತ್ರವನ್ನೂ ತೆರೆದು, ಗ್ರಂಥ ಗುಲಾಮಗಿರಿಯನ್ನು ಒಪ್ಪಿದೆ, ಇದಕ್ಕಿಂತ ಸ್ಪಷ್ಟವಾಗಿ ಇನ್ನೇನಿರಲು ಸಾಧ್ಯ ಎಂದರು. ಉತ್ತರದವರು ಮನುಷ್ಯರನ್ನು ಕದ್ದು ಮಾರುವವನಿಗೆ ಮರಣದಂಡನೆ ವಿಧಿಸುವ ವಿಮೋಚನಕಾಂಡದ ಕಟ್ಟಳೆಯನ್ನು ತೋರಿಸಿದರು, ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ಪೌಲನ ಮಾತನ್ನು ತೋರಿಸಿದರು. ಮೆಥಡಿಸ್ಟರು 1844ರಲ್ಲಿ ಒಡೆದರು, ಬ್ಯಾಪ್ಟಿಸ್ಟರು 1845ರಲ್ಲಿ. ಬಿಡಿ ವಚನಗಳನ್ನು ಅಕ್ಷರಶಃ ಓದುವ ಪದ್ಧತಿಯಲ್ಲಿ ಗುಲಾಮಗಿರಿಯ ಪಕ್ಷವೇ ಬಲವಾಗಿ ಕಾಣುತ್ತಿತ್ತು ಎಂದು ಚರಿತ್ರಕಾರ ಮಾರ್ಕ್ ನೋಲ್ 2006ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಗ್ರಂಥದಿಂದ ತೀರದ ಈ ವ್ಯಾಜ್ಯವನ್ನು ಕೊನೆಗೆ ತೀರಿಸಿದ್ದು ಯುದ್ಧ.

ಹಾಗಾದರೆ ತೀರ್ಪುಗಾರರಿದ್ದ ಕಥೋಲಿಕರು? 1839ರ ಡಿಸೆಂಬರಿನಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದ. ಅಮೆರಿಕದಲ್ಲಿ ಅದನ್ನು ಓದಿದ ಚಾರ್ಲ್ಸ್‌ಟನ್‌ನ ಬಿಷಪ್ ಜಾನ್ ಇಂಗ್ಲೆಂಡ್, ಪೋಪ್ ಖಂಡಿಸಿದ್ದು ಆಫ್ರಿಕದಿಂದ ಹಿಡಿದು ತರುವ ವ್ಯಾಪಾರವನ್ನು, ನಮ್ಮಲ್ಲಿ ಈಗಾಗಲೇ ಇರುವ ಗುಲಾಮಗಿರಿಯನ್ನಲ್ಲ ಎಂದು ವಿದೇಶಾಂಗ ಕಾರ್ಯದರ್ಶಿ ಫಾರ್ಸಿತ್‌ಗೆ ಸಾಲುಸಾಲಾಗಿ ಪತ್ರ ಬರೆದ. ಪೋಪನ ಪತ್ರದ ಹಿಂದಿನ ವರ್ಷವಷ್ಟೇ ಜಾರ್ಜ್‌ಟೌನ್ ಕಾಲೇಜನ್ನು ನಡೆಸುತ್ತಿದ್ದ ಜೆಸ್ವಿಟರು 272 ಗುಲಾಮರನ್ನು ಮಾರಿದ್ದರು. ಗ್ರಂಥಕ್ಕೆ ವ್ಯಾಖ್ಯಾನಕಾರ ಬೇಕು ಎಂದಾದರೆ, ವ್ಯಾಖ್ಯಾನಕಾರನ ಪತ್ರಕ್ಕೂ ವ್ಯಾಖ್ಯಾನಕಾರ ಬೇಕಾಗುತ್ತಾನೆ ಎಂಬುದು ಇಲ್ಲಿ ಬಯಲಾಯಿತು. ಪೋಪ್ ಮತ್ತು ಬಿಷಪರ ಬೋಧನಾಧಿಕಾರ ಅರ್ಥದ ಜಗಳವನ್ನು ಮುಗಿಸುವುದಿಲ್ಲ, ಇನ್ನೊಂದು ಮಹಡಿಗೆ ಒಯ್ಯುತ್ತದೆ. ಅದರಿಂದ ಲಾಭವಿಲ್ಲವೆಂದಲ್ಲ. ಜೀವಂತ ಅಧಿಕಾರಿಯನ್ನು ಮತ್ತೆ ಕೇಳಬಹುದು, ಸತ್ತ ಬರಹಗಾರನನ್ನು ಕೇಳಲಾಗದು. ಆದರೆ ಚಾರ್ಲ್ಸ್‌ಟನ್‌ನ ಹೊಲಗಳಲ್ಲಿ ದುಡಿಯುತ್ತಿದ್ದವರಿಗೆ ಆ ಲಾಭ ಮುಟ್ಟಲಿಲ್ಲ.

ಇನ್ನೊಂದು ಸಂಗತಿ ನನ್ನ ನಿಲುವನ್ನು ಗಟ್ಟಿಮಾಡಿದೆ. ಗ್ರಂಥ ಗುಲಾಮಗಿರಿಯ ಪರವಾಗಿ ಸ್ಪಷ್ಟವಾಗಿದೆ ಎಂದು ಸಾರಿದ ರಾಜ್ಯಗಳೇ, ಗುಲಾಮರು ಓದು ಕಲಿಯದಂತೆ ಕಾನೂನು ಮಾಡಿದವು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್‌ನ ದಂಗೆ ನಡೆದ ಮೇಲೆ ಈ ಬಿಗಿ ಹೆಚ್ಚಿತು. 1834ರಲ್ಲಿ ದಕ್ಷಿಣ ಕೆರೊಲಿನಾ ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಅಪರಾಧ ಮಾಡಿತು. ಜಾರ್ಜಿಯಾದ ಪ್ರೆಸ್ಬಿಟೀರಿಯನ್ ಪಾದ್ರಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಗುಲಾಮರಿಗಾಗಿ ಬಾಯಿಪಾಠದ ಪ್ರಶ್ನೋತ್ತರಿ ಬರೆದ. ಪುಸ್ತಕ ಬೇಡ, ಯಜಮಾನ ಆರಿಸಿದ ಪಾಠ ಸಾಕು. ಆ ಯಜಮಾನರಿಗೆ ತಮ್ಮ ಓದಿನ ಮೇಲೆ ಅಷ್ಟು ನಂಬಿಕೆ ಇದ್ದಿದ್ದರೆ ಪುಸ್ತಕವನ್ನು ಬಚ್ಚಿಡಬೇಕಾಗಿರಲಿಲ್ಲ. ಪೂರ್ತಿ ಪುಸ್ತಕ ಕೈಗೆ ಸಿಕ್ಕರೆ ಈಜಿಪ್ಟಿನ ದಾಸ್ಯದಿಂದ ಹೊರಟ ಜನರ ಕಥೆ ಅವರ ಕಣ್ಣಿಗೆ ಬೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

1936ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯನ್ನು ಕಂಡಿದ್ದ ಕಪ್ಪು ಅಮೆರಿಕನ್ ಚಿಂತಕ ಹೋವರ್ಡ್ ಥರ್ಮನ್ ತಮ್ಮ 1949ರ ಪುಸ್ತಕದಲ್ಲಿ ಅಜ್ಜಿಯ ನೆನಪೊಂದನ್ನು ಬರೆದಿದ್ದಾರೆ. ಗುಲಾಮಳಾಗಿ ಹುಟ್ಟಿದ ಆ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗನಿಂದ ಬೈಬಲ್ ಓದಿಸಿ ಕೇಳುತ್ತಿದ್ದರು. ಆದರೆ ಪೌಲನ ಪತ್ರಗಳನ್ನು, ಪ್ರೀತಿಯ ಬಗ್ಗೆ ಇರುವ ಒಂದು ಅಧ್ಯಾಯದ ಹೊರತು, ಓದಲು ಬಿಡುತ್ತಿರಲಿಲ್ಲ. ಕಾರಣ ಕೇಳಿದಾಗ ಹೇಳಿದರು: ಯಜಮಾನನ ಪಾದ್ರಿ ಯಾವಾಗಲೂ ಪೌಲನನ್ನೇ ಹಿಡಿದು, ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂದು ಬೋಧಿಸುತ್ತಿದ್ದ, ಬಿಡುಗಡೆಯಾದರೆ ಆ ಭಾಗವನ್ನು ಓದುವುದಿಲ್ಲವೆಂದು ಆಗಲೇ ನಿಶ್ಚಯಿಸಿದ್ದೆ. ವೆಸ್ಟ್‌ಮಿನ್‌ಸ್ಟರ್‌ನ ಪಂಡಿತರಿಗೆ ಈ ಓದು ಅಕ್ರಮವಾಗಿ ಕಂಡೀತು, ಬೋಧನಾಧಿಕಾರಕ್ಕೂ ಇದು ಒಪ್ಪಿಗೆಯಾಗಲಾರದು. ಆದರೆ ಗ್ರಂಥದ ನಡುಭಾಗ ಯಾವುದು, ಅಂಚು ಯಾವುದು ಎಂದು ಲೂಥರ್ ಯಾಕೋಬನ ಪತ್ರವನ್ನು ತೂಗಿದ ಹಾಗೆಯೇ ಈ ಅಜ್ಜಿಯೂ ಪೌಲನನ್ನು ತೂಗಿದರು. ಇಬ್ಬರಲ್ಲಿ ಅಜ್ಜಿ ತೆತ್ತ ಬೆಲೆ ದೊಡ್ಡದು.

ಇಲ್ಲಿಂದ ನಾನು ತಲುಪಿದ ತೀರ್ಮಾನ ಇದು. ಗ್ರಂಥದ ಸ್ಪಷ್ಟತೆ ಎಂಬುದನ್ನು ಪಠ್ಯದ ಗುಣವೆಂದು ಹೇಳಿದಾಗಲೆಲ್ಲ ಪ್ರೊಟೆಸ್ಟೆಂಟ್ ಪರಂಪರೆ ಸೋತಿದೆ. ಮಾರ್ಬುರ್ಗ್‌ನಲ್ಲಿ ಸೋತಿತು, ಜ್ಯೂರಿಕ್‌ನ ಹೊಳೆಯ ದಂಡೆಯಲ್ಲಿ ಸೋತಿತು, ಅಮೆರಿಕದ ಯುದ್ಧಭೂಮಿಯಲ್ಲಿ ಸೋತಿತು. ಅದನ್ನು ಓದುವವರ ಹಕ್ಕೆಂದು ಹೇಳಿದಾಗ, ಎಂದರೆ ಯಾವ ಅರಸನೂ ಯಾವ ಬಿಷಪನೂ ಯಾವ ಯಜಮಾನನೂ ಗ್ರಂಥ ಮತ್ತು ಬಡವನ ನಡುವೆ ಅಡ್ಡ ನಿಲ್ಲುವಂತಿಲ್ಲ, ಅಧಿಕಾರದಲ್ಲಿರುವವರು ತಮ್ಮ ಬೋಧನೆಗೆ ಓದುಗರೆಲ್ಲರ ಮುಂದೆ ಲೆಕ್ಕ ಒಪ್ಪಿಸಬೇಕು ಎಂದಾಗ, ಅದು ಗೆದ್ದಿದೆ. ರೋಮನ್ನೂ ಗೆದ್ದಿದೆ. 1564ರ ನಿಷಿದ್ಧ ಗ್ರಂಥಗಳ ಪಟ್ಟಿಯ ನಾಲ್ಕನೆಯ ನಿಯಮದಂತೆ ದೇಶಭಾಷೆಯ ಬೈಬಲ್ ಓದಲು ಬರಹದ ಅನುಮತಿ ಬೇಕಿತ್ತು. 1713ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಫ್ರಾನ್ಸಿನ ಕೆನೆಲ್‌ನ 101 ಹೇಳಿಕೆಗಳನ್ನು ಖಂಡಿಸಿದಾಗ, ಗ್ರಂಥದ ಓದು ಎಲ್ಲರಿಗೂ ಸೇರಿದ್ದು ಎಂಬುದೂ ಆ ಪಟ್ಟಿಯಲ್ಲಿತ್ತು. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ಗ್ರಂಥದ ಬಾಗಿಲು ಭಕ್ತರೆಲ್ಲರಿಗೂ ಅಗಲವಾಗಿ ತೆರೆದಿರಬೇಕೆಂದು ಸಾರಿತು. ಪ್ರೊಟೆಸ್ಟೆಂಟ್ ಅಧಿಕಾರಗಳೂ ಈ ಹಕ್ಕಿಗೆ ಹೆದರದೆ ಇರಲಿಲ್ಲ. ರೋಮಿನಿಂದ ಬೇರೆಯಾದ ಇಂಗ್ಲೆಂಡಿನಲ್ಲೇ ಎಂಟನೆಯ ಹೆನ್ರಿಯ 1543ರ ಕಾಯಿದೆ ಕೈಕಸುಬಿನವರಿಗೂ ಒಕ್ಕಲಿಗರಿಗೂ ಕೂಲಿಯವರಿಗೂ ಕೆಳವರ್ಗದ ಹೆಂಗಸರಿಗೂ ಇಂಗ್ಲಿಷ್ ಬೈಬಲ್ ಓದನ್ನು ನಿಷೇಧಿಸಿತ್ತು.

ಈ ಹಕ್ಕಿನ ಫಲ ಕನ್ನಡಕ್ಕೂ ಸಿಕ್ಕಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದದ್ದೂ, 1834ರಲ್ಲಿ ಬಂದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶಾಲೆ, ಮುದ್ರಣಾಲಯ ತೆರೆದದ್ದೂ ಓದದ ಕ್ರೈಸ್ತ ಅರ್ಧ ಕ್ರೈಸ್ತ ಎಂಬ ನಂಬಿಕೆಯಿಂದಲೇ. ಬಾಸೆಲ್ ಮಿಷನ್ನಿನಲ್ಲಿ ವುರ್ಟೆಂಬರ್ಗಿನ ಲೂಥರನ್ನರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಜೊತೆಯಾಗಿ ದುಡಿದರು. ಮಾರ್ಬುರ್ಗ್‌ನಲ್ಲಿ ಬೇರೆಯಾದ ಮನೆತನಗಳ ಮಕ್ಕಳು ಕರಾವಳಿಯಲ್ಲಿ ಒಂದೇ ಛಾವಣಿಯ ಕೆಳಗಿದ್ದರು. ಹದಿನೈದನೆಯ ವಿಷಯ ಅಗತ್ಯದ್ದಲ್ಲ ಎಂದು ಯಾವ ಮಹಾಸಭೆಯೂ ಠರಾವು ಮಾಡಿರಲಿಲ್ಲ. ಕೂಡಿ ಮಾಡಬೇಕಾದ ಕೆಲಸ ಅದನ್ನು ಪಕ್ಕಕ್ಕೆ ಸರಿಸಿತ್ತು.

ಇಷ್ಟಾದರೂ ತೀರ್ಪಿನ ಅಧಿಕಾರ ಯಾರದೆಂಬ ಪ್ರಶ್ನೆ ಬಗೆಹರಿದಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ನೀತಿವಂತಿಕೆಯ ಸಿದ್ಧಾಂತದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು; ಲೂಥರ್ ಜಗಳ ತೆಗೆದ ಮೂಲ ವಿಷಯದಲ್ಲೇ ಒಪ್ಪಂದವಾಯಿತು. ಗ್ರಂಥದ ಅಧಿಕಾರದ ವಿಷಯದಲ್ಲಿ ಅಂಥದ್ದಾಗಲಿಲ್ಲ. ವ್ಯಾಟಿಕನ್ ಸಭೆ ಒಂದು ದೊಡ್ಡ ಹೆಜ್ಜೆಯನ್ನಂತೂ ಇಟ್ಟಿತ್ತು. ಎರಡು ಬುಗ್ಗೆಗಳ ಕರಡು 1962ರ ನವೆಂಬರಿನಲ್ಲಿ ಮುಂದೆ ಬಂದಾಗ 1,368 ಮಂದಿ ಅದರ ಚರ್ಚೆಯನ್ನೇ ನಿಲ್ಲಿಸಲು ಮತ ಹಾಕಿದರು, 822 ಮಂದಿ ಮುಂದುವರಿಸಲು. ಮೂರನೆಯ ಎರಡರಷ್ಟು ಬಹುಮತ ಸಿಗದಿದ್ದರೂ ಪೋಪ್ ಇಪ್ಪತ್ತಮೂರನೆಯ ಜಾನ್ ಕರಡನ್ನು ಹಿಂದಕ್ಕೆ ಪಡೆದರು. ಮೂರು ವರ್ಷದ ನಂತರ ಬಂದ ಅಂತಿಮ ಪಾಠ, ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಯಲ್ಲಿದೆ ಎಂದಿತು. ಅದು ಸೇವೆ ಮಾಡದೆ ಹೋದಾಗ ಗುರುತಿಸುವವರು ಯಾರು, ಯಾವ ಆಧಾರದಿಂದ, ಎಂಬುದಕ್ಕೆ ಆ ಪಾಠದಲ್ಲಿ ಉತ್ತರವಿಲ್ಲ.

ಈ ಕೊರತೆಯನ್ನು ತೋರಿಸಿಕೊಟ್ಟವರು ಕಥೋಲಿಕರೇ. ಶಿಕಾಗೋದ ಕಾರ್ಡಿನಲ್ ಆಲ್ಬರ್ಟ್ ಮೇಯರ್ 1964ರಲ್ಲಿ ಸಭೆಯ ನಡುವೆ ಎದ್ದು, ಪರಂಪರೆ ಕೆಡಬಹುದು, ಅದನ್ನು ತಿದ್ದುವ ಅಳತೆಗೋಲು ಗ್ರಂಥದಲ್ಲಿದೆ ಎಂಬುದನ್ನು ದಾಖಲಿಸಬೇಕೆಂದು ಕೇಳಿಕೊಂಡರು. ಆ ಸಭೆಯಲ್ಲಿ ಯುವ ಸಲಹೆಗಾರರಾಗಿದ್ದ ಜೋಸೆಫ್ ರಾಟ್ಸಿಂಗರ್, ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟ್ ಆದವರು, ಅಂತಿಮ ಪಾಠಕ್ಕೆ ಬರೆದ ವ್ಯಾಖ್ಯಾನದಲ್ಲಿ ಮೇಯರ್ ಅವರ ಮಾತನ್ನು ನೆನೆದು, ಪರಂಪರೆಯನ್ನು ಗ್ರಂಥದಿಂದ ಒರೆಗೆ ಹಚ್ಚುವ ಪ್ರಶ್ನೆಯನ್ನು ಸಭೆ ಕೈಬಿಟ್ಟದ್ದು ವಿಷಾದದ ಸಂಗತಿ ಎಂದು ದಾಖಲಿಸಿದರು. ಮುಂದೆ ಅವರು ಬೋಧನಾಧಿಕಾರದ ಅತ್ಯುನ್ನತ ಪೀಠದಲ್ಲಿ ಎಂಟು ವರ್ಷ ಕುಳಿತರು. ಆ ಪ್ರಶ್ನೆಗೆ ಉತ್ತರ ಹೇಳುವ ಠರಾವು ಆಗಲೂ ಬರಲಿಲ್ಲ, ಅವರ ನಂತರವೂ ಬಂದಿಲ್ಲ.